ಸೀತಮ್ಮನ ಹಣ್ಣು ಎಲ್ಲಿಂದು?

ಹೋದ ವರ್ಷ ಸೀಗಿ ಹುಣ್ಣಿವಿ ಮುಗದು ನಾಲ್ಕೈದು ದಿನ ಆಗಿತ್ತು. ಮುಂಜಾನೆ ಹಿತ್ತಲ ಬಾಗಲಾ ತಗದ್ರ, ಅರಿವಿ ಒಗಿಯೋ ಕಲ್ಲಿನ ಮ್ಯಾಲೆ ಅರ್ಧ ತಿಂದ ಪೇರಲಹಣ್ಣು, ಅಗದು ಉಗುಳಿದ ಚರಟ, ಗ್ವಾಡಿ ತುಂಬ ಕಲೆ. ಬಾಜೂ ಮನಿ ವೈನಿ ಕಂಪೌಂಡ್ ಮ್ಯಾಲಿಂದ ಹಣಿಕಿ ಹಾಕಿ, "ರಾತ್ರಿ ಎಲ್ಲಾ ಬಾವಲಿ ಕಾಟ ಆಗೇದ. ಮನ್ಯಾಗ ಸಣ್ಣ ಮೊಮ್ಮಗ ಇದ್ದಾನ. ಆ ಪೇರಲ ಗಿಡಾ ತಗಿಸಿಬಿಡ್ರಿ" ಅಂದ್ರು. ಅವರು ಹೇಳಿದ್ದರಾಗ ತಪ್ಪೇನಿರಲಿಲ್ಲ. 2018ರಾಗ ಕೇರಳದ ಕೋಳಿಕೋಡ್ ಕಡೆ ನಿಫಾ ಬಂದಾಗಿಂದ ಬಾವಲಿ ಅಂದ್ರ ಎಲ್ಲಾರಿಗೂ ಎದಿ ಝಲ್ ಅಂತದ.

ನಮ್ಮವರಿಗೆ ಹೇಳಿದೆ. "ಪೇರಲ ಬೇಕಾದ್ರ ತಗಸೋಣು, ಸೀತಾಫಲ ಮಾತ್ರ ಮುಟ್ಟಬ್ಯಾಡ. ಅದು ಸೀತಮ್ಮನ ಹಣ್ಣು, ನಮ್ಮವ್ವ ಹಚ್ಚಿದ ಗಿಡ. ಪೇರಲ ಏನು, ಹೊರಗಿಂದ ಬಂದದ್ದು" ಅಂದ್ರು. ಆ ಮಾತು ನನ್ನ ತಲಿಯೊಳಗ ಕೂತುಬಿಟ್ಟಿತು. ಪಿಯುಸಿ ಒಳಗ ನನಗ ಇತಿಹಾಸ ಭಾಳ ಸೇರತಿತ್ತು. ಆಮ್ಯಾಲೆ ಓದು ನಿಂತಿತು, ಚಟ ಮಾತ್ರ ಹೋಗಿಲ್ಲ. ಗ್ರಂಥಾಲಯದಿಂದ ಪುಸ್ತಕ ತರಿಸಿ, ಮಗಳ ಕಡಿಂದ ಫೋನಿನಾಗ ಹುಡುಕಿಸಿ, ದೀವಳಿಗಿ ಫರಾಳ ಮಾಡಕೋತನ ಓದಿದೆ.

ಸೀತಾಫಲ ಅಂದಕೂಡಲೆ ತ್ರೇತಾಯುಗದಿಂದ ನಮ್ಮಲ್ಲೇ ಇದ್ದದ್ದು ಅನಸ್ತದ. ಅದರ ಜೋಡಿ ರಾಮಫಲನೂ ಅದ. ಆದ್ರ ಇವೆರಡರ ತವರುಮನಿ ಅಮೆರಿಕ ಖಂಡದ ಬಿಸಿಲು ನಾಡು, ವೆಸ್ಟ್ ಇಂಡೀಸ್ ದ್ವೀಪಗಳ ಸುತ್ತಮುತ್ತ. 1498ರಾಗ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ನಾವೆಲ್ಲಾ ಸಾಲ್ಯಾಗ ಓದೇವಿ. ಎರಡು ವರ್ಷ ಬಿಟ್ಟು, 1500ರಾಗ, ಕಬ್ರಾಲ್ ಅನ್ನೋ ಇನ್ನೊಬ್ಬ ಪೋರ್ಚುಗೀಸ ಹಿಂದೂಸ್ತಾನಕ್ಕ ಹೊರಟವ ಹಾದ್ಯಾಗ ಬ್ರೆಜಿಲ್ ದಂಡಿ ಮುಟ್ಟಿ, ಅಲ್ಲಿಂದ ಇತ್ತ ಬಂದ. 1510ರಾಗ ಅಲ್ಬುಕರ್ಕ್ ವಿಜಾಪುರದ ಆದಿಲಶಾಹಿಯವರ ಕಡಿಂದ ಗೋವಾ ಕಸಗೊಂಡ. ಬ್ರೆಜಿಲ್ಲೂ ಗೋವಾನೂ ಒಂದೇ ರಾಜ್ಯದವರ ಕೈಗೆ ಬಂದ ಮ್ಯಾಲೆ ಬೀಜ, ಗಡ್ಡಿ, ಸಸಿ ಎಲ್ಲಾ ಹಡಗು ಹತ್ತಿ ಅಡ್ಡಾಡಲಿಕ್ಕೆ ಹತ್ತಿದ್ವು. ಗೋವಾದಿಂದ ಘಟ್ಟ ಹತ್ತಿದ್ರ ನಮ್ಮ ಧಾರವಾಡ ಏನು ಭಾಳ ದೂರ?

ಇದಕ್ಕ ತಕರಾರೂ ಅದ, ಅದನ್ನೂ ಹೇಳಿಬಿಡ್ತೀನಿ, ಇಲ್ಲಂದ್ರ ನಮ್ಮವರು ನನ್ನ ಬಿಡೂದಿಲ್ಲ. ಬ್ರಿಟಿಷರ ಕಾಲದಾಗ ಪ್ರಾಚ್ಯವಸ್ತು ಇಲಾಖೆ ಕಟ್ಟಿದ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್, ಮಧ್ಯಪ್ರದೇಶದ ಭರ್ಹುತ್ ಸ್ತೂಪದ ಕೆತ್ತನ್ಯಾಗ ಸೀತಾಫಲ ಅದ ಅಂತ ಬರದಾನ. ಆ ಸ್ತೂಪ ಕ್ರಿಸ್ತ ಹುಟ್ಟೂಕಿಂತ ಮೊದಲಿಂದು. ಹಂಗಾದ್ರ ಹಣ್ಣು ಪೋರ್ಚುಗೀಸರಕಿಂತ ಹಿಂದನ ಇತ್ತು ಅಂತಾಯ್ತು. ಆದ್ರ ಕಲ್ಲಿನಾಗ ಕಂಡದ್ದು ಸೀತಾಫಲ ಅಲ್ಲ, ಹಲಸೋ ಬ್ಯಾರೆ ಯಾವುದೋ ಇದ್ದೀತು ಅಂದವರೂ ಇದ್ದಾರ. ನಾನಂತೂ ಅವರ ಕಡೆ. ನಾವೇ ರಂಗೋಲ್ಯಾಗ ತಗದ ಮಾವಿನಕಾಯಿ ಎಷ್ಟು ಮಂದಿಗೆ ಗೋಡಂಬಿ ಹಂಗ ಕಂಡಿಲ್ಲ? ಮತ್ತ ಆ ಗೋಡಂಬಿನೂ ಬ್ರೆಜಿಲ್‌ದ್ದ!

ಪೇರಲದ ಹೆಸರಿನಾಗ ಅದರ ಊರು ಮುಚ್ಚಿಟ್ಟಿಲ್ಲ. ಪೋರ್ಚುಗೀಸ ಭಾಷಾದಾಗ ಪೇರಾ ಅಂದ್ರ ಪೇರ್ ಹಣ್ಣು. ಅದ ನೋಡಲಿಕ್ಕೆ ಹಂಗ ಕಂಡ ಈ ಹಣ್ಣಿಗೂ ಬಂದು, ಮರಾಠ್ಯಾಗ ಪೇರು, ನಮ್ಮಲ್ಲೆ ಪೇರಲ ಆಯ್ತು. ಮೈಸೂರು ಕಡೆಯವರು ಸೀಬೆ ಅಂತಾರ. ಅವರು ಪಪ್ಪಾಯಿಗೆ ಪರಂಗಿ ಹಣ್ಣು ಅಂತಾರಲ್ಲ, ಪರಂಗಿ ಅಂದ್ರ ಫಿರಂಗಿಯವರದ್ದು ಅಂತ. ಬಟಾಟಿ ಅನ್ನೋ ಶಬ್ದನೂ ಅವರದ. ಇನ್ನೊಂದು ಮಾತು ಹೇಳಿದ್ರ ನಗ್ತೀರಿ. ಏಕಾದಶಿ ಉಪವಾಸಕ್ಕ ನಾವು ಮಾಡೋ ಸಾಬೂದಾಣಿ ಖಿಚಡಿ ನೋಡ್ರಿ. ಸಾಬೂದಾಣಿ ಮರಗೆಣಸಿಂದು, ಜೋಡಿ ಶೇಂಗಾ, ಬಟಾಟಿ, ಹಸಿಮೆಣಸಿನಕಾಯಿ. ನಾಲ್ಕೂ ಸಮುದ್ರ ದಾಟಿ ಬಂದವು. ನಮ್ಮ ಅತ್ತಿಯವರು ಇದ್ದಿದ್ರ ಇದನ್ನ ಕೇಳಿ ನನ್ನ ಅಡಗಿಮನಿಯಿಂದ ಹೊರಗ ಹಾಕತಿದ್ರು.

ಹಂಗಾದ್ರ ನಮ್ಮ ಹಿತ್ತಲದಾಗ ಮೊದಲಿಂದ ಇದ್ದವರು ಯಾರು? ಅಳಿಲ, ಬಾವಲಿ, ಪಿಕಳಾರ, ಗಿಳಿ. ರಾಮ ಬೆನ್ನ ಮ್ಯಾಲೆ ಬೆರಳು ಆಡಿಸಿದ ಅಂತ ಕಥಿ ಇರೋದು ಅಳಿಲಿಗೆ, ಸೀತಾಫಲಕ್ಕಲ್ಲ. ಹೊಸ ಹಣ್ಣು ಬಂದಾಗ ನಾವು ತಿನ್ನಲಿಕ್ಕೆ ಕಲತಂಗ ಅವೂ ಕಲತವು. ಅದರಾಗ ನನಗ ಭಾಳ ಸೇರಿದ್ದು ಒಂದು ಚಿಟ್ಟಿ ಕಥಿ. ಕರಿ ರೆಕ್ಕಿ ಮ್ಯಾಲೆ ಹಸಿರು ಚುಕ್ಕಿ, ಹಿಂದ ಸಣ್ಣ ಬಾಲ, ಒಂದ ಕಡೆ ನಿಲ್ಲೂದs ಇಲ್ಲ. ಇದರ ಹುಳ ಸಂಪಿಗಿ ಎಲಿ, ಉದ್ದನ್ನ ಅಶೋಕದ ಎಲಿ ತಿಂದು ಬೆಳೀತಿತ್ತು. ಸೀತಾಫಲ ಅಶೋಕದ ಕುಲದ್ದ, ದೂರದ ದಾಯಾದಿ. ಚಿಟ್ಟಿಗೆ ಅದು ಹೆಂಗ ಗುರ್ತ ಹತ್ತಿತೋ! ಈಗ ನಮ್ಮ ಸೀತಾಫಲದ ಎಳಿ ಎಲಿ ಕೆಳಗೂ ತತ್ತಿ ಇಡ್ತದ. ಬಟಾನಿ ಓದಿದವರಿಗೆ ಪುಸ್ತಕ ಬೇಕಾಗ್ತದ, ಅದಕ್ಕ ಕಾಲಿನ ತುದಿ ಸಾಕಾಯ್ತು.

ಬಾವಲಿಯದ್ದು ಇನ್ನೊಂದು ನಮೂನಿ. ನಮ್ಮಲ್ಲೆ ಬರೋದು ಆಲದ ಗಿಡಕ್ಕ ಜೋತು ಬೀಳೋ ದೊಡ್ಡ ಬಾವಲಿ ಅಲ್ಲ, ಮುಷ್ಟಿಯಷ್ಟು ಸಣ್ಣದು. ಕೇರಳದಾಗ ನಿಫಾ ಸಿಕ್ಕದ್ದು ಆ ದೊಡ್ಡದರಾಗ. ಸಣ್ಣದು ಹಣ್ಣು ಕಚಗೊಂಡು ಬ್ಯಾರೆ ಗಿಡಕ್ಕ ಹೋಗಿ, ರಸ ಹೀರಿ, ಚರಟ ಉಗುಳ್ತದ. ಬೀಜ ಬಿದ್ದಲ್ಲಿ ಸಸಿ ಏಳ್ತದ. ನಮ್ಮ ಪೇರಲ ಗಿಡಾ ಯಾರೂ ಹಚ್ಚಿದ್ದಲ್ಲ, ಬಚ್ಚಲ ನೀರು ಹರಿಯೋ ಕಡೆ ತಾನ ಎದ್ದದ್ದು. ನವಲೂರ ಪೇರಲದ ರುಚಿ ಇದಕ್ಕಿಲ್ಲ, ಒಳಗ ಕೆಂಪಗ ಅದ ಅಷ್ಟ. ಇಷ್ಟು ಮಾಡೋ ಬಾವಲಿಗೆ 1972ರ ವನ್ಯಜೀವಿ ಕಾಯ್ದೆಯೊಳಗ ಕಾಗಿ, ಇಲಿಗಳ ಸಾಲಿನಾಗ ಪೀಡೆ ಅಂತ ಹೆಸರು ಬರದಿದ್ರು. 2022ರ ತಿದ್ದುಪಡಿಯೊಳಗ ಆ ಪಟ್ಟಿನ ತಗದರು. ಐವತ್ತು ವರ್ಷ ಬೇಕಾಯ್ತು.

ಇಷ್ಟೆಲ್ಲಾ ಓದೂಕಿಂತ ಮೊದಲ ನಾನೊಂದು ತಪ್ಪು ಮಾಡಿದ್ದೆ. ಗಿಡಾ ಕಡಿಯೋದು ಬ್ಯಾಡ, ಬಲಿ ಹಾಕೋಣು ಅಂತ ಸಂತಿಯಿಂದ ನೈಲಾನ್ ಬಲಿ ತಂದು ಪೇರಲಕ್ಕ ಹೊಚ್ಚಿದೆ. ಮೂರನೇ ದಿನ ಒಂದು ಅಳಿಲ ಕಾಲು ಸಿಕ್ಕಿಸಿಕೊಂಡು ಒದ್ದಾಡಲಿಕ್ಕೆ ಹತ್ತಿತ್ತು. ಕತ್ತರಿಯಿಂದ ಎಳಿ ಕತ್ತರಿಸಿದೆ, ಕುಂಟಕೋತ ಹೋಯ್ತು. ಮರುದಿನ ಮುಂಜಾನೆ ಪಿಕಳಾರ ಒಂದು ಬಲ್ಯಾಗ ತಣ್ಣಗಾಗಿ ಜೋತಿತ್ತು. ಗಿಡದ ತುದಿಗೆ ಅದರ ಜೋಡಿ ಕೂತು ಕೂಗಲಿಕ್ಕೆ ಹತ್ತಿತ್ತು. ನಾ ಅವತ್ತ ಚಾ ಸೈತ ಕುಡೀಲಿಲ್ಲ. ಬಲಿ ಕಿತ್ತು ಒಲಿಗೆ ಹಾಕಬೇಕಂದ್ರ ನೈಲಾನ್ ನಾತ, ಕಸದ ಗಾಡಿಗೆ ಕೊಟ್ಟೆ.

ಈ ವರ್ಷ ಬ್ಯಾರೆ ಮಾಡೇನಿ. ಕೈಗೆ ನಿಲುಕೋ ಕಾಯಿಗೆ ಹಳೇ ಧೋತರದ ಸಣ್ಣ ಚೀಲ ಹೊಲದು ಕಟ್ಟೇನಿ. ನಿಲುಕಲಾರದ್ದು ಅವಕ್ಕ. ಸೀತಾಫಲ ಗಿಡದಾಗ ಹಣ್ಣಾಗಲಿಕ್ಕೆ ಬಿಡಬ್ಯಾಡ್ರಿ. ಕಣ್ಣು ಬಿಟ್ಟು ನಡುವ ಬೆಳ್ಳಗ ಗೆರಿ ಕಾಣಸಿದಕೂಡಲೆ ಹರದು ಜ್ವಾಳದ ಡಬ್ಬ್ಯಾಗ ಇಟ್ರ ಎರಡು ಮೂರು ದಿನದಾಗ ಮೆತ್ತಗಾಗ್ತದ. ಬೀಜ ಅರದು ತಲಿಗೆ ಹೇನಿಗಂತ ಹಚ್ಚತಾರಲ್ಲ, ಅದು ಮಕ್ಕಳಿಗೆ ಬ್ಯಾಡ್ರಿ, ಕಣ್ಣಿಗೆ ಹೋದ್ರ ಭಾಳ ಕೆಟ್ಟದ್ದು. ಗಿಳಿ ಕಚ್ಚಿದ ಹಣ್ಣು ಸಿಹಿ ಅಂತ ನಾವು ಸಣ್ಣವರಿದ್ದಾಗ ಆರಿಸಿ ತಿಂತಿದ್ವಿ, ಈಗ ಕಚ್ಚಿದ್ದು ಯಾವುದೂ ಮನಿಯೊಳಗ ತರೂದಿಲ್ಲ. ಬಿದ್ದದ್ದನ್ನ ಮುಂಜಾನೆ ನಾನ ಬಳದು ಗುಂಡ್ಯಾಗ ಮುಚ್ಚತೀನಿ.

ಬಾಜೂ ಮನಿ ವೈನಿಗೂ ಇದನ್ನೆಲ್ಲಾ ಹೇಳಿದೆ. ಮೊನ್ನೆ ಸಂಜಿಮುಂದ ಅವರ ಗೇಟಿನ ಹತ್ರ ಮಾತಾಡಕೋತ ನಿಂತಾಗ, ಅವರದ ಅಶೋಕದ ಗಿಡದ ಜೋತ ಎಲಿ ಒಳಗಿಂದ ಒಂದೊಂದ ಬಾವಲಿ ಹೊರಗ ಬಂತು. ನಾವಿಬ್ಬರೂ ಎಣಿಸಿದ್ವಿ, ಒಂಬತ್ತು. ಮಲಗೋದು ಅವರ ಮನ್ಯಾಗ, ಊಟಕ್ಕ ನಮ್ಮ ಮನಿಗೆ. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ಮ ಬಾಡಿಗಿ ಅಂತ ಒಂದೆರಡು ಸೀತಾಫಲ ಕಳಿಸಿ ಕೊಡ್ರಿ" ಅಂದ್ರು. ಡಬ್ಬ್ಯಾಗ ಆರು ಇಟ್ಟೇನಿ. ನಾಳೆ ಮೆತ್ತಗಾದ್ರ ಮೂರು ಅವರಿಗೆ.