ನಾರುಹುಣ್ಣಿನ ಶೂನ್ಯಲೆಕ್ಕ

ಒಂದು ರೋಗವು ಇದೆಯೆಂದು ತೋರಿಸಲು ಒಬ್ಬ ರೋಗಿ ಸಾಕು. ಇಲ್ಲವೆಂದು ಸಾಧಿಸುವುದಾದರೋ ಬಹು ಕಷ್ಟ. ಈ ಮಾತಿಗೆ ನಾರುಹುಣ್ಣಿನ ಚರಿತ್ರೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ವಿರಳ.

ಉತ್ತರ ಕರ್ನಾಟಕದ ಒಣನಾಡಿನಲ್ಲಿ ಮೆಟ್ಟಿಲುಬಾವಿಯ ನೀರನ್ನು ನೆಚ್ಚಿದ್ದ ಹಳ್ಳಿಗಳಿಗೆ ಈ ಪೀಡೆಯು ಚಿರಪರಿಚಿತವಾಗಿತ್ತು. ಸೈಕ್ಲಾಪ್ಸ್ ಎಂಬ ಕಿರುಜೀವಿಯೊಡನೆ ಮರಿಹುಳು ಹೊಟ್ಟೆಯನ್ನು ಸೇರುತ್ತದೆ. ಸುಮಾರು ಒಂದು ವರ್ಷದ ತರುವಾಯ ನೂಲಿನಂತೆ ನೀಳವಾಗಿ ಬೆಳೆದ ಹೆಣ್ಣುಹುಳು ಕಾಲಿನ ಚರ್ಮವನ್ನು ಭೇದಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಬಾವಿಗಿಳಿದರೆ ಮರಿಗಳು ಮತ್ತೆ ನೀರಿಗೆ ಬೀಳುತ್ತವೆ. ಈ ಚಕ್ರದಲ್ಲಿ ಸೈಕ್ಲಾಪ್ಸಿನ ಪಾತ್ರವನ್ನು 1870ರಲ್ಲಿ ರಷ್ಯದ ಫೆಡ್ಚೆಂಕೊ ಗುರುತಿಸಿದನು.

ನಿರ್ಮೂಲನದ ಕಾರ್ಯ ಭಾರತದಲ್ಲಿ 1983-84ರಲ್ಲಿ ಆರಂಭವಾಯಿತು. ಅದನ್ನು ನಿರ್ವಹಿಸಿದುದು ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ. 1963ರವರೆಗೆ ಮಲೇರಿಯಾ ಸಂಸ್ಥೆಯಾಗಿದ್ದ ಇದು 2009ರಿಂದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವಾಗಿದೆ. 1984ರ ಗಣನೆಯಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ 12,840 ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳು ಕಂಡುಬಂದರು. ಲಸಿಕೆಯೂ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಟೆಮೆಫಾಸ್ ಹಾಕುವುದು, ಕೊಳವೆಬಾವಿ ತೋಡುವುದು, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದು: ಇವೇ ಸಾಧನಗಳು. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಡೆಯ ರೋಗಿ ಕಂಡುಬಂದನು. ಅನಂತರವೂ ಹುಡುಕಾಟ ನಿಲ್ಲಲಿಲ್ಲ. ಮೂರು ವರ್ಷಗಳಿಗೂ ಮೀರಿ ಶೂನ್ಯವೇ ದಾಖಲಾದ ಮೇಲೆ, 2000ದ ಫೆಬ್ರವರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಘೋಷಿಸಿತು.

ಎಲ್ಲ ಶೂನ್ಯಗಳೂ ಹೀಗೆ ನಿಲ್ಲಲಿಲ್ಲ. ಆಫ್ರಿಕದ ಚಾಡ್ ದೇಶದಲ್ಲಿ ಹತ್ತು ವರ್ಷ ಒಬ್ಬ ರೋಗಿಯೂ ವರದಿಯಾಗದೆ, 2010ರಲ್ಲಿ ಹುಳು ಮತ್ತೆ ಕಾಣಿಸಿಕೊಂಡಿತು. 2012ರಿಂದ ಅಲ್ಲಿನ ನಾಯಿಗಳಲ್ಲಿಯೂ ಅದು ಕಂಡುಬಂದಿತು. ಕಾಲಕ್ರಮದಲ್ಲಿ ಸೋಂಕುಳ್ಳ ನಾಯಿಗಳ ಸಂಖ್ಯೆ ಮನುಷ್ಯರ ಸಂಖ್ಯೆಯನ್ನು ಬಹಳವಾಗಿ ಮೀರಿತು. ನಾಯಿಯ ಹುಳು ಮನುಷ್ಯನ ಹುಳುವೇ, ಅಥವಾ ಬೇರೊಂದು ಜಾತಿಯೇ? ಬೇರೆಯಾದರೆ ನಾಯಿಗಳನ್ನು ಲೆಕ್ಕದಿಂದ ಬಿಡಬಹುದು. ಒಂದೇ ಆದರೆ ಮನುಷ್ಯರ ಶೂನ್ಯವೊಂದೇ ಸಾಲದು.

ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಹುಳುಗಳ ಬಾಂಧವ್ಯವನ್ನು ತಿಳಿಯಲು ಅವುಗಳ ಜೀವಕೋಶದೊಳಕ್ಕೇ ಹೋಗಬೇಕಾಯಿತು. ಪರೋಪಜೀವಿ ಹುಳುವು ಆನುವಂಶಿಕತೆಯ ವಿದ್ಯೆಗೆ ನೆರವಾದುದು ಹೊಸತೇನಲ್ಲ. ಸಂತಾನಕ್ಕೆ ತಂದೆತಾಯಿಗಳಿಂದ ಸಮಸಂಖ್ಯೆಯ ವರ್ಣತಂತುಗಳು ಬರುತ್ತವೆಂಬುದನ್ನು ಬೆಲ್ಜಿಯಂನ ವಾನ್ ಬೆನೆಡೆನ್ 1883ರಲ್ಲಿ ಕಂಡದ್ದು ಕುದುರೆಯ ಕರುಳಿನ ಹುಳುವಿನ ಅಂಡದಲ್ಲಿಯೇ. ಅಂದು ವರ್ಣತಂತುಗಳನ್ನು ಎಣಿಸಿದ ವಿಜ್ಞಾನವು ಇಂದು ಅವುಗಳಲ್ಲಿರುವ ಡಿ.ಎನ್.ಎ. ಲಿಪಿಯನ್ನೇ ಅಕ್ಷರಶಃ ಓದುತ್ತದೆ. ಆ ಸಮಗ್ರ ಲಿಪಿಯೇ ಜೀನೋಮ್. ನಾರುಹುಳುವಿನಲ್ಲಿ ಅದು ಸುಮಾರು ಹತ್ತು ಕೋಟಿ ಅಕ್ಷರಗಳಷ್ಟು. 2018ರಲ್ಲಿಯೂ 2020ರಲ್ಲಿಯೂ ಪ್ರಕಟವಾದ ಸಂಶೋಧನೆಗಳು ಹುಳುಗಳ ಆನುವಂಶಿಕ ಲಿಪಿಯನ್ನು ಹೋಲಿಸಿ, ಚಾಡಿನ ನಾಯಿಗಳಲ್ಲಿಯೂ ಮನುಷ್ಯರಲ್ಲಿಯೂ ಇರುವುದು ಒಂದೇ ಸಮುದಾಯದ ಹುಳುಗಳೆಂದು ತೋರಿಸಿದುವು. ಈಗ ಪ್ರಾಣಿಗಳ ಸೋಂಕೂ ನಿರ್ಮೂಲನದ ಲೆಕ್ಕಕ್ಕೆ ಸೇರಿದೆ.

ಭಾರತವು ಈ ಹುಳುವಿನ ಜೀನೋಮನ್ನು ಓದದೆಯೇ ಅದನ್ನು ನೀಗಿತು. ಆದಕಾರಣ ಜೀನೋಮ್ ವಿದ್ಯೆ ಅನಾವಶ್ಯಕವೆಂದಾಗಲಿ, ಅದೊಂದರಿಂದಲೇ ರೋಗ ನೀಗೀತೆಂದಾಗಲಿ ಭಾವಿಸಲಾಗದು. ಉಳಿದಿರುವ ಶತ್ರು ಯಾರೆಂಬುದನ್ನು ಅದು ತಿಳಿಸಬಲ್ಲದು. ನೀರನ್ನು ಸೋಸಬೇಕಾದುದು ಮನುಷ್ಯನ ಕೈಯೇ.