ಹಿತ್ತಾಳೆಯ ತುಂಡಿನ ಮೇಲಿನ ಸಂಖ್ಯೆ

1934ರ ಚಳಿಗಾಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಊರಿನಲ್ಲಿ ಮೆಕ್ಯಾನಿಕ್ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗ ಕಾಯಿಲೆ ಬಿದ್ದ. ಹೊಟ್ಟೆಯೊಳಗೆ ಸೋಂಕು, ತುರ್ತಾಗಿ ಆಸ್ಪತ್ರೆಗೆ ಒಯ್ಯಬೇಕಿತ್ತು. ಹಿಮ ಬಿದ್ದು ದಾರಿ ಮುಚ್ಚಿತ್ತು. ಮಗು ಉಳಿಯಲಿಲ್ಲ.

ಹಿಮದ ಮೇಲೆ ಓಡುವ ಗಾಡಿಗಾಗಿ ಆ ತಂದೆ ಮೊದಲಿನಿಂದಲೂ ಹೆಣಗುತ್ತಿದ್ದರು. ಏಳು ಜನ ಕೂರುವ ಗಾಡಿ ಮೊದಲು ಬಂತು. 1959ರಲ್ಲಿ ಬೈಕಿನಂತೆ ಏರಿ ಕೂರುವ ‘ಸ್ಕೀ-ಡೂ’ ಬಂತು. ಅಮೆರಿಕದ ಮಿನ್ನೆಸೋಟದಲ್ಲಿ ಪೊಲಾರಿಸ್, ಆರ್ಕ್ಟಿಕ್ ಕ್ಯಾಟ್ ಬೆಳೆದವು. 1968ರಲ್ಲಿ ಜಪಾನಿನ ಯಮಹಾ ಕೂಡ ಈ ಸಾಲಿಗೆ ಸೇರಿತು.

ದಾರಿಯ ತೊಡಕು ನೀಗಿತು, ಗಾಳಿಯದು ಉಳಿಯಿತು. ಚಳಿ ಹೆಚ್ಚಿದಷ್ಟೂ ಗಾಳಿ ದಟ್ಟವಾಗುತ್ತದೆ. ಸೊನ್ನೆ ಡಿಗ್ರಿಯ ಗಾಳಿಗಿಂತ ಮೈನಸ್ 30 ಡಿಗ್ರಿಯ ಗಾಳಿ ಸುಮಾರು ಶೇ. 12ರಷ್ಟು ದಟ್ಟ. ಎಂಜಿನ್ನಿಗೆ ಗಾಳಿ ಹೆಚ್ಚು ಹೋದರೆ ಪೆಟ್ರೋಲೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ಕಾರ್ಬುರೇಟರಿಗೆ ಇದು ತಾನಾಗಿ ತಿಳಿಯದು. ಪೂರ್ತಿ ವೇಗದಲ್ಲಿ ಎಷ್ಟು ಪೆಟ್ರೋಲು ಹೋಗಬೇಕೆಂದು ಮುಖ್ಯವಾಗಿ ನಿರ್ಧರಿಸುವುದು ಮೇನ್ ಜೆಟ್, ಅಂದರೆ ನಡುವೆ ಸಣ್ಣ ತೂತಿರುವ ಹಿತ್ತಾಳೆಯ ತುಂಡು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಕೂಡ ಪೆಟ್ರೋಲಿನ ಜೊತೆಗೇ ಒಳಗೆ ಹೋಗುತ್ತದೆ. ಪೆಟ್ರೋಲು ಕಡಿಮೆಯಾದರೆ ಒಳಗಿನ ಶಾಖ ಏರಿ ಪಿಸ್ಟನ್ನಿನ ತಲೆಯೇ ಕರಗಬಹುದು. ಜನವಿಲ್ಲದ ಹಿಮದ ಬಯಲಿನಲ್ಲಿ, ಮೈ ಹೆಪ್ಪುಗಟ್ಟಿಸುವ ರಾತ್ರಿಯಲ್ಲಿ ಹಾಗಾದರೆ ಅದು ಬರೀ ರಿಪೇರಿಯ ಮಾತಲ್ಲ.

ಆರಂಭದ ಎಷ್ಟೋ ಗಾಡಿಗಳಲ್ಲಿ ಟಿಲೊಟ್‌ಸನ್ ಕಾರ್ಬುರೇಟರ್ ಇತ್ತು. ಸವಾರನೇ ಸ್ಕ್ರೂ ತಿರುಗಿಸಿ ಪೆಟ್ರೋಲು ಹೊಂದಿಸಿಕೊಳ್ಳುತ್ತಿದ್ದ. 1970ರ ದಶಕದಲ್ಲಿ ಜಪಾನಿನ ಮಿಕುನಿ ಕಾರ್ಬುರೇಟರ್ ವ್ಯಾಪಕವಾಯಿತು. ಸ್ಕ್ರೂ ಜಾಗಕ್ಕೆ ಸಂಖ್ಯೆ ಕೊರೆದ ಜೆಟ್ ಬಂತು. ಚಳಿ ಏರಿದರೆ ದೊಡ್ಡದು, ಬೆಟ್ಟ ಹತ್ತಿ ಗಾಳಿ ತೆಳುವಾದರೆ ಚಿಕ್ಕದು.

ಗೊಂದಲ ಹುಟ್ಟಿದ್ದು ಆ ಸಂಖ್ಯೆಯಿಂದಲೇ. ಕೇಹಿನ್ ಕಂಪನಿಯ ಜೆಟ್ಟಿನಲ್ಲಿ 150 ಎಂದರೆ ತೂತಿನ ವ್ಯಾಸ 1.50 ಮಿಲಿಮೀಟರ್. ಮಿಕುನಿಯ ಆರು ಮೂಲೆಯ ಜೆಟ್ಟಿನಲ್ಲಿ ಅದೇ ಸಂಖ್ಯೆ ಹೇಳುವುದು ತೂತಿನ ಅಳತೆಯನ್ನಲ್ಲ, ಅದರಲ್ಲಿ ಎಷ್ಟು ದ್ರವ ಹರಿಯುತ್ತದೆ ಎಂಬುದನ್ನು. ಅದೇ ಮಿಕುನಿಯ ದುಂಡನೆಯ ಜೆಟ್ಟಿನಲ್ಲಿ ಮತ್ತೆ ತೂತಿನ ಲೆಕ್ಕ. ಎರಡೂರಿನ ಸೇರಿನಂತೆ ಹೆಸರು ಒಂದೇ, ಅಳತೆ ಬೇರೆ.

ಜೆಟ್ ಒಂದೇ ಬಗೆಯದಾದರೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಸಂಖ್ಯೆ ಹೊಂದುವುದಿಲ್ಲ. ಸ್ಕೀ-ಡೂಗೆ ಆಸ್ಟ್ರಿಯಾದ ರೋಟಾಕ್ಸ್ ಎಂಜಿನ್. ಪೊಲಾರಿಸ್‌ಗೆ ಬಹುಕಾಲ ಜಪಾನಿನ ಫ್ಯೂಜಿ, ಆರ್ಕ್ಟಿಕ್ ಕ್ಯಾಟ್‌ಗೆ ಸುಜುಕಿ. ಸಿಲಿಂಡರಿನ ಗಾತ್ರ, ಸೈಲೆನ್ಸರ್, ಗಾಳಿಪೆಟ್ಟಿಗೆ ಎಲ್ಲವೂ ಬೇರೆ. ಒಂದರಲ್ಲಿ ಸುರಕ್ಷಿತವಾದ ಜೆಟ್ ಇನ್ನೊಂದರಲ್ಲಿ ಪಿಸ್ಟನ್ ಸುಡಬಹುದು. ಅದಕ್ಕೇ ಕಂಪನಿಗಳು ಮಾದರಿಗೊಂದರಂತೆ ಕೋಷ್ಟಕ ಕೊಟ್ಟವು: ಒಂದು ಬದಿಗೆ ಉಷ್ಣಾಂಶ, ಇನ್ನೊಂದು ಬದಿಗೆ ಎತ್ತರ, ಎರಡೂ ಕೂಡುವಲ್ಲಿ ಜೆಟ್ಟಿನ ಸಂಖ್ಯೆ. ಅನುಭವಿಗಳು ಅದರ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿಯೂ ನೋಡುತ್ತಿದ್ದರು. ಕಂದು ಬಣ್ಣವಿದ್ದರೆ ಸರಿ, ಕಪ್ಪಾದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಅಪಾಯ.

2002ರಲ್ಲಿ ಅಮೆರಿಕ ಹಿಮಗಾಡಿಗಳ ಹೊಗೆಗೂ ಮಿತಿ ಹಾಕಿತು. ಆ ಹೊತ್ತಿಗಾಗಲೇ ಬರತೊಡಗಿದ್ದ ಫ್ಯೂಯಲ್ ಇಂಜೆಕ್ಷನ್ ಮುಂದೆ ಕಾರ್ಬುರೇಟರನ್ನು ಹಿಂದಕ್ಕೆ ತಳ್ಳಿತು. ಈಗ ಗಾಳಿಯ ಉಷ್ಣಾಂಶ, ಒತ್ತಡಗಳನ್ನು ಸೆನ್ಸರ್ ಅಳೆಯುತ್ತದೆ. ಹಳೆಯ ಗಾಡಿಗಳಲ್ಲಿ ಮಾತ್ರ ಆ ಹಿತ್ತಾಳೆಯ ತುಂಡು ಉಳಿದಿದೆ. ಹೊರಡುವ ಮುನ್ನ ಅದರ ಮೇಲಿನ ಸಂಖ್ಯೆ ಓದಿದರಷ್ಟೇ ಸಾಲದು; ಅದು ಯಾರ ಲೆಕ್ಕದ್ದು, ಯಾವ ಎಂಜಿನ್ನಿಗೆ ಹೇಳಿದ್ದು ಎಂಬುದೂ ಗೊತ್ತಿರಬೇಕು. ದಾರಿ ಮುಚ್ಚಿದಾಗಲೂ ಮನುಷ್ಯರನ್ನು ಮುಟ್ಟಿಸಲೆಂದು ಹುಟ್ಟಿದ ಗಾಡಿ ಅರ್ಧದಾರಿಯಲ್ಲಿ ನಿಲ್ಲಬಾರದು.