ಪಾಲಿನ ಮನೆ

ಮುಂಬಯಿಯ ಪತ್ರಿಕೆಗಳಲ್ಲಿ ಮನೆ ಮಾರಾಟದ ಜಾಹೀರಾತುಗಳನ್ನು ಓದುವುದು ನನಗೊಂದು ಚಟ. ಕೊಳ್ಳುವ ಶಕ್ತಿಯಿಲ್ಲದವನಿಗೆ ಇದಕ್ಕಿಂತ ಅಗ್ಗದ ವಿನೋದ ಇನ್ನೊಂದಿಲ್ಲ. "ಎರಡು ಮಲಗುವ ಕೋಣೆ, ನಡುಮನೆ, ಅಡಿಗೆಮನೆ, ಶಾಂತವಾದ ವಸತಿ ಬಡಾವಣೆ, ಸಹಕಾರಿ ಸೊಸೈಟಿಯ ಕಟ್ಟಡ" – ಒಕ್ಕಣೆ ಹೆಚ್ಚು ಕಡಿಮೆ ಇಷ್ಟೇ. ಬೆಲೆ ವಿಚಾರಿಸಿದರೆ ಲೆಕ್ಕ ಕೋಟಿಗೆ ಏರುತ್ತದೆ. ಆದರೆ ಇಂಥ ಮನೆಯನ್ನು ಮಾರುವವನ ಕೈಯಲ್ಲಿ ಸೊಸೈಟಿ ಕೊಟ್ಟಿರುವುದು ಏನೆಂದು ನೋಡಿದರೆ ಒಂದು ಷೇರು ಪತ್ರ. ಮಹಾರಾಷ್ಟ್ರದಲ್ಲಿ ಬಹುಕಾಲ ವಾಡಿಕೆಯಾಗಿದ್ದುದು ಐವತ್ತು ರೂಪಾಯಿಯ ಐದು ಷೇರು. ಒಟ್ಟು ಮುಖಬೆಲೆ 250 ರೂಪಾಯಿ. ಕಟ್ಟಡ ಸಂಘದ್ದು, ಅದರ ಒಂದು ಭಾಗದಲ್ಲಿ ವಾಸಮಾಡುವ ಹಕ್ಕು ಸದಸ್ಯನದು. ಆ ಹಕ್ಕಿನ ಗುರುತು ಈ ಕಾಗದ.

ಬೆಂಗಳೂರಿನವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಂಡೀತು. ನಮ್ಮಲ್ಲಿ ಸೊಸೈಟಿ ಎಂದೊಡನೆ ಮನಸ್ಸಿಗೆ ಬರುವುದು ಸೈಟು. ಸಂಘ ನೆಲ ಸಂಪಾದಿಸಿ, ಅಳೆದು, ಹಂಚುತ್ತದೆ. ಸದಸ್ಯ ತನ್ನ ಪಾಲಿನ ಮೂವತ್ತು ನಲವತ್ತರಲ್ಲಿ ತನಗೆ ಬೇಕಾದಂತೆ ಮನೆ ಕಟ್ಟಿಕೊಂಡು, ಸುತ್ತ ಗೋಡೆ ಹಾಕಿಕೊಂಡು, ಸಹಕಾರಕ್ಕೆ ನಮಸ್ಕಾರ ಹೇಳುತ್ತಾನೆ. ಮುಂಬಯಿಯ ಸೊಸೈಟಿ ಹಾಗಲ್ಲ. ಅಲ್ಲಿ ಸಂಘದ ನಂಟು ಬಿಡುವುದು ಮನೆ ಬಿಟ್ಟಾಗಲೇ. ಈ ಬಗೆಯ ಸಂಸಾರವನ್ನು ಆ ನಗರದಲ್ಲಿ ಬೇರೂರಿಸಿದವರು ನಮ್ಮ ಕಡೆಯವರೇ ಎಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಅದಕ್ಕಾಗಿಯೇ ಈ ಲೇಖನ.

ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಆಧಿಪತ್ಯದಿಂದ ತೆಗೆದು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಕಾರವಾರ, ಕುಮಟೆ, ಹೊನ್ನಾವರದ ಹುಡುಗರಿಗೆ ಕಾಲೇಜು, ಕಚೇರಿ, ಹೈಕೋರ್ಟು ಎಲ್ಲವೂ ಮುಂಬಯಿಯೇ ಆಯಿತು. ಘಟ್ಟ ಹತ್ತಿ ಧಾರವಾಡಕ್ಕೆ ಹೋಗುವುದಕ್ಕಿಂತ ಹಡಗು ಹತ್ತಿ ಮುಂಬಯಿಗೆ ಹೋಗುವುದು ಕರಾವಳಿಯವರಿಗೆ ಸಹಜವಾದ ದಾರಿ. ಹೀಗೆ ಹೋದವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾದ ಸಾರಸ್ವತರು ಬಹಳ ಮಂದಿ. ಸಣ್ಣ ಸಮಾಜ, ಓದಿನಲ್ಲಿ ಮುಂದು, ಹಣದಲ್ಲಿ ಸಾಧಾರಣ. ಗುಮಾಸ್ತಿಕೆ ದೊರೆಯುತ್ತಿತ್ತು. ಮನೆ ದೊರೆಯುತ್ತಿರಲಿಲ್ಲ.

ಆಗಿನ ಮುಂಬಯಿಯಲ್ಲಿ ಮನೆಯೆಂದರೆ ಬಹುಮಂದಿಗೆ ಚಾಳಿನ ಒಂದು ಖೋಲಿ. ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಮೊಗಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಕಕ್ಕಸು. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರಕಾರದ ಕಣ್ಣು ಈ ಖೋಲಿಗಳ ಮೇಲೆ ಬಿತ್ತು. 1898ರಲ್ಲಿ ನಗರ ಸುಧಾರಣೆಗೆಂದು ಒಂದು ಟ್ರಸ್ಟ್ ಹುಟ್ಟಿತು. ಅದು ಇಕ್ಕಟ್ಟಾದ ಕೇರಿಗಳನ್ನು ಕೆಡವಿತು, ಅಗಲ ರಸ್ತೆಗಳನ್ನು ಹಾಕಿತು, ಹೊಸ ಬಡಾವಣೆಗಳನ್ನು ತೆರೆಯಿತು. ಹಾಗೆ ತೆರೆದ ಬಡಾವಣೆಗಳಲ್ಲಿ ಗಾಂವ್‌ದೇವಿಯೂ ಒಂದು. ಹೆಸರಿನ ಅರ್ಥ ಗ್ರಾಮದೇವತೆ ಎಂದೇ. ಗಾಂಧೀಜಿ ಮುಂಬಯಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮಣಿಭವನ ಇರುವುದು ಇಲ್ಲಿಯೇ.

ಈ ಕತೆಯ ನಾಯಕರು ರಾವ್ ಬಹಾದೂರ್ ಶ್ರೀಪಾದ ಸುಬ್ಬರಾವ್ ತಾಲ್ಮಕಿ. 1906ರಲ್ಲಿ ತಮ್ಮ ಗುರುಸಮಾನರಾದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಅವರು ಒಂದು ಪತ್ತಿನ ಸಂಘವನ್ನು ಸ್ಥಾಪಿಸಿದರು. ಅದೇ ಈಗಿನ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು. ಮದುವೆಗೆ, ಓದಿಗೆ, ಕಾಯಿಲೆಗೆ ಸಾಲ ಸಿಕ್ಕುವಂತಾಯಿತು. ಆದರೆ ತಿಂಗಳು ತಿಂಗಳೂ ಬಾಡಿಗೆಯಾಗಿ ಹರಿದುಹೋಗುತ್ತಿದ್ದ ಹಣಕ್ಕೆ ಕಟ್ಟೆ ಹಾಕುವುದು ಹೇಗೆ? 1904ರ ಕಾನೂನು ಪತ್ತಿನ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. 1912ರ ಕಾನೂನು ಇತರ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಮೂರು ವರ್ಷಗಳಲ್ಲಿ, 1915ರಲ್ಲಿ, ಗಾಂವ್‌ದೇವಿಯ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು. ಏಷ್ಯದಲ್ಲೇ ಮೊದಲನೆಯದೆಂದು ಇದನ್ನು ಹೊಗಳುವುದುಂಟು. ಬೆಂಗಳೂರಿನಲ್ಲಿ 1909ರಲ್ಲೇ ಕಟ್ಟಡದ ಸಹಕಾರ ಸಂಘವೊಂದು ಇತ್ತೆಂದು ನಮ್ಮವರು ತಕರಾರು ತೆಗೆಯುತ್ತಾರೆ. ಎರಡೂ ಗೌರವ ಕನ್ನಡ ನಾಡಿನವರಿಗೇ ಸಲ್ಲುವುದರಿಂದ ಈ ಜಗಳದಲ್ಲಿ ನಾನು ಮಧ್ಯಸ್ಥಿಕೆ ವಹಿಸುವುದಿಲ್ಲ.

ತಾಲ್ಮಕಿಯವರ ಮುಂದಿದ್ದ ಮಾದರಿ ಇಂಗ್ಲೆಂಡಿನದು. ಲಂಡನ್ನಿನ ಪಶ್ಚಿಮದ ಈಲಿಂಗ್‌ನಲ್ಲಿ 1901ರಲ್ಲಿ ಕಟ್ಟಡದ ಕೆಲಸಗಾರರು ಸೇರಿ ಒಂದು ಬಾಡಿಗೆದಾರರ ಸಂಘವನ್ನು ಮಾಡಿಕೊಂಡಿದ್ದರು. ಉಪಾಯ ಬಹಳ ಸರಳ. ಹತ್ತು ಜನ ಷೇರು ಹಣ ಹಾಕುತ್ತಾರೆ, ಮಿಕ್ಕದ್ದಕ್ಕೆ ಸಾಲ ತೆಗೆಯುತ್ತಾರೆ, ಸಂಘ ಮನೆ ಕಟ್ಟುತ್ತದೆ. ಸದಸ್ಯ ಸಂಘಕ್ಕೆ ಬಾಡಿಗೆ ಕೊಡುತ್ತಾನೆ. ಆ ಸಂಘದಲ್ಲಿ ಅವನೂ ಪಾಲುಗಾರ, ಆದ್ದರಿಂದ ತನ್ನ ಮನೆಯ ಒಡೆಯನೂ ಅವನೇ, ಬಾಡಿಗೆದಾರನೂ ಅವನೇ. ಬಾಡಿಗೆ ಏರಿಸಿ ಲಾಭ ಮಾಡಿಕೊಳ್ಳುವ ಮೂರನೆಯವನು ನಡುವೆ ಇರುವುದಿಲ್ಲ. ಇದರಲ್ಲಿ ಮುಖ್ಯವಾದ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಮೂಲ ತತ್ತ್ವದ ಪ್ರಕಾರ ಸದಸ್ಯ ಬಿಟ್ಟುಹೋಗುವಾಗ ಅವನಿಗೆ ಹಿಂದಕ್ಕೆ ಬರುವುದು ತಾನು ಹಾಕಿದ ಷೇರು ಹಣ. ನೆಲದ ಬೆಲೆ ಎಷ್ಟೇ ಏರಿದ್ದರೂ ಆ ಏರಿಕೆ ಸಂಘದ್ದು, ಅಂದರೆ ಮುಂದೆ ಬಂದು ವಾಸಮಾಡುವವರದು. ಈ ಲೆಕ್ಕದಲ್ಲಿ ಮಾರಾಟವೆಂಬ ಮಾತಿಗೇ ಎಡೆಯಿಲ್ಲ.

ಇದೇ ಯೋಚನೆ ಬೇರೆಡೆಗಳಲ್ಲೂ ಹೊಳೆಯುತ್ತಿದ್ದ ಕಾಲ ಅದು. ಗಾಂವ್‌ದೇವಿಯ ಸಂಘ ಹುಟ್ಟಿದ ಮರುವರ್ಷವೇ, 1916ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫಿನ್ಲೆಂಡಿನಿಂದ ವಲಸೆ ಹೋಗಿದ್ದ ಹದಿನಾರು ಸಂಸಾರಗಳು ತಮಗೆ ತಾವೇ ಒಂದು ಕಟ್ಟಡ ಕಟ್ಟಿಕೊಂಡವು. ಅದಕ್ಕಿಟ್ಟ ಹೆಸರು 'ಆಲ್ಕು'. ಅವರ ಭಾಷೆಯಲ್ಲಿ ಆರಂಭ ಎಂದು ಅರ್ಥ. ಕಡಲು ದಾಟಿ ಬಂದ ಸಣ್ಣ ಸಮಾಜ, ಒಂದೇ ಭಾಷೆ, ಒಬ್ಬರನ್ನೊಬ್ಬರು ಬಲ್ಲವರು, ದುಬಾರಿ ನಗರ – ಎರಡು ಕಡೆಯೂ ಕಾರಣ ಒಂದೇ.

ಮನೆಗಳ ಒಳಗಿನ ವಿಚಾರಕ್ಕೆ ಬರೋಣ. ಹಳ್ಳಿಯ ಮನೆಯಲ್ಲಿ ಕಕ್ಕಸು ಹಿತ್ತಲಿನ ಆಚೆ, ಚಾಳಿನಲ್ಲಿ ಮೊಗಸಾಲೆಯ ತುದಿಯಲ್ಲಿ. ಹೊಸ ಬಗೆಯ ಫ್ಲಾಟು ಅದನ್ನು ಮನೆಯ ಮುಂಬಾಗಿಲಿನ ಒಳಕ್ಕೆ ತಂದಿತು. ಮಡಿಯ ಅಡಿಗೆಮನೆ, ದೇವರ ಗೂಡು, ಕಕ್ಕಸು ಮೂರೂ ಒಂದೇ ಮಾಡಿನ ಕೆಳಗೆ ಎಂದಾಗ ಹಿರಿಯರು ಎಷ್ಟು ಹಿಂಜರಿದಿರಬಹುದೆಂದು ಯಾರಾದರೂ ಊಹಿಸಬಹುದು. ಅದಕ್ಕೆ ಮುಂಬಯಿಯ ಮೇಸ್ತ್ರಿಗಳು ಕಂಡುಕೊಂಡ ಪರಿಹಾರ ಕಕ್ಕಸನ್ನು ಹಿಂಬದಿಯ ಮೂಲೆಗೆ ತಳ್ಳುವುದು, ಸಾಧ್ಯವಾದಲ್ಲಿ ನಡುವೆ ಒಂದು ಸಣ್ಣ ಓಣಿ ಬಿಡುವುದು. ಶುಚಿ ಮಾಡುವವನು ಮನೆಯೊಳಗೆ ಹಾಯ್ದು ಹೋಗಬಾರದೆಂದು ಹಿಂದುಗಡೆಯಿಂದ ಕಬ್ಬಿಣದ ಸುರುಳಿ ಮೆಟ್ಟಿಲು. ಹಳೆಯ ಕಟ್ಟಡಗಳ ಬೆನ್ನಿಗೆ ಅಂಟಿಕೊಂಡಿರುವ ಈ ಮೆಟ್ಟಿಲುಗಳು ತುಕ್ಕು ಹಿಡಿದು ನಿಂತಿರುವುದನ್ನು ಮುಂಬಯಿಯಲ್ಲಿ ಈಗಲೂ ಕಾಣಬಹುದು. ಪ್ರವಾಸಿಗರು ಅವುಗಳ ಚೆಲುವನ್ನು ಮೆಚ್ಚಿ ಚಿತ್ರ ತೆಗೆದುಕೊಳ್ಳುತ್ತಾರೆ. ನನಗೆ ಅವನ್ನು ನೋಡಿದಾಗ ಮೆಚ್ಚುಗೆ ಹುಟ್ಟುವುದಿಲ್ಲ.

ಏಕೆಂದರೆ ಸಹಕಾರದ ಕಟ್ಟಡಕ್ಕೆ ಮುಂಬಾಗಿಲೂ ಇತ್ತು. ಆ ಬಾಗಿಲಿಗೆ ಕಾವಲೂ ಇತ್ತು. ಗಾಂವ್‌ದೇವಿಯ ಸಂಘ ಹೆಸರೇ ಹೇಳುವಂತೆ ಸಾರಸ್ವತರಿಗಾಗಿ ಹುಟ್ಟಿದ್ದು. ಅದನ್ನು ನೋಡಿ ಬೇರೆ ಸಮಾಜಗಳವರೂ ತಮ್ಮ ತಮ್ಮ ಸಂಘ ಕಟ್ಟಿದರು. ಇದನ್ನು ಇಂದಿನ ಕಣ್ಣಿನಿಂದ ಹಳಿಯುವುದು ಸುಲಭ. ಆದರೆ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲಬೇಕಾದ ಸಂಘದಲ್ಲಿ ಪರಿಚಯವೇ ಬಂಡವಾಳ. ಅವನ ತಂದೆ ಯಾರು, ಮಾತಿಗೆ ನಿಲ್ಲುವವನೇ ಎಂದು ತಿಳಿದಿರುವುದು ಕುಟುಂಬದ ನಂಟಿನಿಂದಲೇ. ಬಡ ಗುಮಾಸ್ತರು ತಮ್ಮವರನ್ನೇ ನೆಚ್ಚಿದರೆ ಅದು ಅಹಂಕಾರವೆಂದು ನಾನು ಒಪ್ಪಲಾರೆ.

ಆದರೂ ಅದೇ ವರ್ಷಗಳ ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1917ರಲ್ಲಿ, ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಓದಿ ಬಂದ ಡಾಕ್ಟರ್ ಅಂಬೇಡ್ಕರರು ಬರೋಡ ಸಂಸ್ಥಾನದ ನೌಕರಿಗೆ ಹೋದಾಗ ಆ ಊರಿನಲ್ಲಿ ಅವರಿಗೆ ತಲೆಯಿಡಲು ಒಂದು ಕೋಣೆ ಸಿಕ್ಕಲಿಲ್ಲ. ಪಾರಸಿ ಛತ್ರವೊಂದರಲ್ಲಿ ಪಾರಸಿ ಹೆಸರು ಬರೆಸಿ ಇಳಿದುಕೊಂಡರು. ಗುಟ್ಟು ತಿಳಿದಾಗ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಡಿಸಿತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ನಂಬಿಕೆಯ ಬಳಗ ಒಳಗಿದ್ದವರಿಗೆ ಆಸರೆ. ಬಳಗವಿಲ್ಲದವನಿಗೆ, ಎಂಥ ಪದವಿಯಿದ್ದರೂ, ಎಲ್ಲ ಬಾಗಿಲುಗಳೂ ಯಾರೋ ಒಬ್ಬರ ಬಳಗದವೇ.

ಕಾವಲು ನಿಜವಾಗಿ ಕಠಿಣವಾದದ್ದು ಮನೆ ಮಾರಾಟದ ವಸ್ತುವಾದ ಮೇಲೆ. 1947ರ ಬಾಡಿಗೆ ನಿಯಂತ್ರಣ ಕಾನೂನಿನ ನಂತರ ಮುಂಬಯಿಯಲ್ಲಿ ಬಾಡಿಗೆಗೆಂದು ಮನೆ ಕಟ್ಟುವುದು ನಷ್ಟದ ಬಾಬತ್ತಾಯಿತು. ಬಿಲ್ಡರು ಕಟ್ಟಿ, ಫ್ಲಾಟುಗಳನ್ನು ಒಂದೊಂದಾಗಿ ಮಾರಿ, ಕೊನೆಗೆ ಕೊಂಡವರ ಕೈಯಲ್ಲಿ ಒಂದು ಸೊಸೈಟಿ ಮಾಡಿಸಿ ಹೊರಟುಹೋಗುವ ಪದ್ಧತಿ ಬೆಳೆಯಿತು. 1963ರಲ್ಲಿ ಮಹಾರಾಷ್ಟ್ರ ಸರಕಾರ ಈ ವ್ಯವಹಾರಕ್ಕೆಂದೇ ಒಂದು ಕಾನೂನು ಮಾಡಿತು. ತಾಲ್ಮಕಿಯವರ ಕಾಲದಲ್ಲಿ ಸಂಘ ಮೊದಲು, ಮನೆ ಆಮೇಲೆ. ಈಗ ಮನೆ ಮೊದಲು. ಸಂಘ ಲಿಫ್ಟು ನೀರು ನೋಡಿಕೊಳ್ಳುವುದಕ್ಕೆ. 1975ರಲ್ಲಿ ಸುಪ್ರೀಂ ಕೋರ್ಟು, ಸಹಪಾಲುದಾರಿಕೆಯ ಸಂಘದಲ್ಲಿ ಸದಸ್ಯನಿಗಿರುವ ವಾಸದ ಹಕ್ಕು ಕೂಡ ಆಸ್ತಿಯೇ, ಸಾಲಕ್ಕಾಗಿ ಅದನ್ನು ಜಪ್ತಿ ಮಾಡಿ ಮಾರಬಹುದು ಎಂದು ತೀರ್ಪು ಕೊಟ್ಟಿತು. ಷೇರು ಹಣ ಮಾತ್ರ ವಾಪಸು ಎಂಬ ಹಳೆಯ ಆದರ್ಶಕ್ಕೆ ಇನ್ನು ಉಳಿದದ್ದು ಚರಿತ್ರೆಯ ಪುಟ.

ಮಾರಬಹುದು, ಸರಿ, ಯಾರಿಗೆ? ಅಹಮದಾಬಾದಿನ ಪಾರಸಿ ಸಹಕಾರಿ ಗೃಹ ಸಂಘದ ಸದಸ್ಯನೊಬ್ಬ ಹೊರಗಿನವರಿಗೆ ಮಾರಲು ಹೊರಟಾಗ ಸಂಘ ತಡೆಯಿತು. 2005ರಲ್ಲಿ ಸುಪ್ರೀಂ ಕೋರ್ಟು ಸಂಘದ ಪಕ್ಷವನ್ನೇ ಎತ್ತಿಹಿಡಿಯಿತು. ಸದಸ್ಯತ್ವ ಪಾರಸಿಗಳಿಗೆ ಮಾತ್ರವೆಂಬ ಉಪನಿಯಮ, ಸಂಘ ಕಟ್ಟುವ ಸ್ವಾತಂತ್ರ್ಯಕ್ಕೆ ಒಳಪಟ್ಟದ್ದು ಎಂಬುದು ಅದರ ಅಭಿಪ್ರಾಯ. ನ್ಯಾಯಾಧೀಶರ ತರ್ಕ ನನಗೆ ಅರ್ಥವಾಗುತ್ತದೆ, ಸಮಾಧಾನ ಮಾತ್ರ ಆಗುವುದಿಲ್ಲ. ನೂರು ರೂಪಾಯಿ ಸಂಬಳದವರು ಹಾಕಿಕೊಂಡ ಬೇಲಿಯೂ ಕೋಟಿ ಬೆಲೆಯ ಮನೆಯವರು ಹಾಕಿಕೊಳ್ಳುವ ಬೇಲಿಯೂ ಒಂದೇ ಎಂದು ನಾನು ಎಣಿಸಲಾರೆ. ಮೊದಲನೆಯದರ ಒಳಗೆ ಇದ್ದುದು ಜಾಮೀನು. ಎರಡನೆಯದರಲ್ಲಿ ಜಾಮೀನಿನ ಅಗತ್ಯವೇ ಇಲ್ಲ, ಬ್ಯಾಂಕು ಸಾಲ ಕೊಡುತ್ತದೆ.

ಎಲ್ಲ ಸೊಸೈಟಿಗಳಿಗೂ ಇಂಥ ಉಪನಿಯಮವಿಲ್ಲ. ಸಾಮಾನ್ಯ ಸಂಘಕ್ಕೆ ಮಹಾರಾಷ್ಟ್ರದ 1960ರ ಸಹಕಾರ ಕಾನೂನು ಒಂದು ಕಟ್ಟು ಹಾಕಿದೆ: ತಕ್ಕ ಕಾರಣವಿಲ್ಲದೆ ಯಾರಿಗೂ ಸದಸ್ಯತ್ವ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ರಿಜಿಸ್ಟ್ರಾರರ ಬಳಿ ದೂರು ಹೇಳಬಹುದು. ಅರ್ಜಿಗೆ ಸಂಘ ಮೂರು ತಿಂಗಳೊಳಗೆ ಉತ್ತರವನ್ನೇ ಕೊಡದೆ ಸುಮ್ಮನೆ ಕೂತರೆ, ಅರ್ಜಿ ಹಾಕಿದವನು ಸದಸ್ಯನಾದಂತೆಯೇ ಲೆಕ್ಕ.